ಎರಡು ಅಂಕಣದ ಮನೆಯಲ್ಲಿ ಯಾಕತ್ತೆ

ನನ್ನ ಸೋದರತ್ತೆಗೆ ಒಂದು ಹೆಸರಿದೆ. ಅದು ಅವಳ ಪಿಂಚಣಿ ಕಾಗದದಲ್ಲಿ ಸುಖವಾಗಿ ಮಲಗಿದೆ. ಅದನ್ನು ಎಬ್ಬಿಸುವ ಗೋಜಿಗೆ ನಮ್ಮ ಮನೆಯಲ್ಲಿ ಯಾರೂ ಹೋಗುವುದಿಲ್ಲ. ನಮಗೆಲ್ಲ ಅವಳು ಯಾಕತ್ತೆ. ಹಾಲು ಉಕ್ಕಿದರೆ ಉಳಿದವರು ಒಲೆ ಆರಿಸಲು ಓಡುತ್ತಾರೆ. ಅತ್ತೆ ಅಲ್ಲೇ ನಿಂತು, ಹಾಲು ಉಕ್ಕುತ್ತೆ, ನೀರು ಯಾಕೆ ಉಕ್ಕಲ್ಲ ಎಂದು ಕೇಳುತ್ತಾಳೆ. ಲಿಫ್ಟು ಹತ್ತಿದರೆ ಅದನ್ನು ಎಳೆಯುವ ಹಗ್ಗ ಎಲ್ಲಿದೆ ಎಂದು ಅವಳಿಗೆ ಗೊತ್ತಾಗಬೇಕು. ಒಮ್ಮೆ ಹಲ್ಲಿನ ಡಾಕ್ಟರು ಹಲ್ಲು ಕಿತ್ತು, ಬಾಯಲ್ಲಿದ್ದ ಹತ್ತಿ ತೆಗೆದದ್ದೇ ತಡ, "ಈ ಎಂಜಲು ಎಳ್ಕೊಳ್ಳೋ ಕೊಳವೆ ಕೊನೆಗೆ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದವಳು. ನಾವು "ಯಾಕತ್ತೆ" ಎಂದು ಕೂಗಿದರೆ ಹೊಸಬರು ನಾವೇ ಏನೋ ಪ್ರಶ್ನೆ ಕೇಳುತ್ತಿದ್ದೇವೆ ಎಂದುಕೊಳ್ಳುತ್ತಾರೆ. ಕೇಳುವವಳು ಅವಳು, ನಾವು ಉತ್ತರ ಗೊತ್ತಿಲ್ಲದೆ ತಲೆ ಕೆರೆದುಕೊಳ್ಳುವವರು.

ಅತ್ತೆ ಬಸ್ಸಿನ ಕಂಡಕ್ಟರಾಗಿ ದುಡಿದು ನಿವೃತ್ತಳಾದವಳು. ಅವಳ ಗಂಟಲಿಗೆ ಇನ್ನೂ ನಿವೃತ್ತಿ ಬಂದಿಲ್ಲ. ನಾನು ಸಣ್ಣವಳಿದ್ದಾಗ ಶಾಲೆಗೆ ಹೋಗುತ್ತಿದ್ದದ್ದು ಅವಳ ಬಸ್ಸಿನಲ್ಲೇ. ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ ತುಂಬಿರುತ್ತಿದ್ದರು. "ಮುಂದೆ ಜಾಗ ಇದೆ, ಒಳಗೆ ನಡೀರಿ! ಅಕ್ಕಾ, ಮಗೂನ ತೊಡೆ ಮೇಲೆ ಕೂರಿಸ್ಕೊಳ್ಳಿ. ಅಣ್ಣಾ, ಆ ಕಾಲು ಮನೇಲಿ ಚಾಚ್ಕೊಳ್ಳೋರಂತೆ, ಈಗ ಮಡಚ್ಕೊಳ್ಳಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ!" ಮೂವರ ಸೀಟಿನಲ್ಲಿ ನಾಲ್ವರನ್ನು ಕೂರಿಸುತ್ತಿದ್ದಳು, ಆ ನಾಲ್ವರೂ ಬೈಯುವ ಬದಲು ನಗುತ್ತಿದ್ದರು. ಅಷ್ಟು ಜನರ ನಡುವೆ ಚೀಲ ಎದೆಗೆ ಒತ್ತಿಕೊಂಡು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಓಡಾಡುವಳು. ಯಾರ ಕಾಲನ್ನೂ ಅವಳು ತುಳಿದದ್ದಿಲ್ಲ. ಬಸ್ಸಿನಲ್ಲಿ ಎಷ್ಟು ಜನರಿದ್ದಾರೆ, ಇನ್ನೆಷ್ಟು ಜನ ಹಿಡಿಸುತ್ತಾರೆ ಎಂದು ಒಂದು ನೋಟಕ್ಕೆ ಹೇಳುವಳು.

ಮನೆಗೆ ಬಂದರೆ ಅಡ್ಜಸ್ಟ್ ಮಾಡಿಕೊಳ್ಳುವ ಸರದಿ ಅವಳದು. ಗಂಡ ಮದುವೆಯಾದ ಹೊಸತರಲ್ಲೇ ತೀರಿಕೊಂಡರು, ಮಕ್ಕಳಿಲ್ಲ. ಆಮೇಲೆ ಅವಳು ಇದ್ದದ್ದೆಲ್ಲ ಅಣ್ಣತಮ್ಮಂದಿರ ಮನೆಗಳಲ್ಲಿ. ದೊಡ್ಡಪ್ಪನ ಮನೆಯಲ್ಲಿ ಮೆಟ್ಟಿಲ ಕೆಳಗಿನ ಜಾಗ, ಚಿಕ್ಕಪ್ಪನ ಮನೆಯಲ್ಲಿ ಹೊಲಿಗೆ ಯಂತ್ರದ ಪಕ್ಕ, ಕೊನೆಗೆ ನಮ್ಮ ಮನೆಯ ನಡುಮನೆ. ಟಿವಿ ನೋಡುವವರು ಎದ್ದ ಮೇಲೆ ಅವಳ ಹಾಸಿಗೆ ಬಿಚ್ಚಿಕೊಳ್ಳುತ್ತಿತ್ತು, ಹಾಲಿನವನು ಬರುವ ಮೊದಲೇ ಸುತ್ತಿಕೊಳ್ಳುತ್ತಿತ್ತು. ಬಾಣಂತನವಿದ್ದ ಕಡೆ ಅವಳು, ಆಪರೇಷನ್ ಆದವರ ಮಂಚದ ಪಕ್ಕ ಅವಳು. "ಅವಳದೇನೂ ತೊಂದ್ರೆ ಇಲ್ಲಪ್ಪ, ಹೊಂದ್ಕೊಂಡು ಹೋಗ್ತಾಳೆ" ಎನ್ನುವುದು ನಮ್ಮ ಬಳಗ ಅವಳಿಗೆ ಕೊಟ್ಟ ಬಿರುದು. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಹೊಂದಿಕೊಳ್ಳುವವರನ್ನು ಹೊಗಳುವವರು ಯಾವಾಗಲೂ ಆರಾಮವಾಗಿ ಕಾಲು ಚಾಚಿ ಕೂತವರೇ. ಸೋಜಿಗದ ಸಂಗತಿ ಏನೆಂದರೆ, ಲೋಕದ ಎಲ್ಲದಕ್ಕೂ ಯಾಕೆ ಎನ್ನುವ ಅತ್ತೆ, ತನ್ನ ಹಾಸಿಗೆ ಯಾಕೆ ನಡುಮನೆಯಲ್ಲಿ ಎಂದು ಒಂದು ದಿನವೂ ಕೇಳಿದವಳಲ್ಲ.

ನಾನು ಕೆಲಸ ಮಾಡುವುದು ಸಣ್ಣ ಮನೆಗಳನ್ನು ಮಾಡುವ ಕಾರ್ಖಾನೆಯಲ್ಲಿ. ಕಟ್ಟುವ ಅಲ್ಲ, ಮಾಡುವ. ಮೇಜು ಕುರ್ಚಿ ಮಾಡುವಂತೆ ಮನೆಯನ್ನೂ ಒಳಗೆ ಶೆಡ್ಡಿನಲ್ಲೇ ತುಂಡುತುಂಡಾಗಿ ಮಾಡಿ, ಲಾರಿಯಲ್ಲಿ ಸಾಗಿಸಿ, ಹೋದ ಕಡೆ ಜೋಡಿಸುವುದು. ಕೊಯ್ಲಾದ ಮೇಲೆ ಹೊಲದಲ್ಲಿ ಸುಟ್ಟುಬಿಡುವ ಹುಲ್ಲನ್ನು ತಂದು, ಬಿಸಿಯಲ್ಲಿ ಒತ್ತಿ ಹಲಗೆ ಮಾಡುತ್ತೇವೆ, ಅದೇ ಗೋಡೆ. ಹಲಗೆಯ ಎರಡೂ ಮುಖಕ್ಕೆ ಸುಣ್ಣದ ಗಾರೆ. ಚೌಕಟ್ಟಿಗೆ ಯಂತ್ರಗಳು ಬರುವ ಪೆಟ್ಟಿಗೆಗಳ ಹಳೆಯ ಮರ. ಸಿಮೆಂಟಿಲ್ಲ, ಮೊಳೆಯಿಲ್ಲ, ಎಲ್ಲ ಬೋಲ್ಟು. ಹಾಗಾಗಿ ಮನೆ ಬೇಡವಾದರೆ ಬಿಚ್ಚಬಹುದು, ಬಿಚ್ಚಿದ್ದನ್ನು ಇನ್ನೊಂದು ಮನೆಗೆ ಹಾಕಬಹುದು, ಕಸವಾಗುವುದು ಏನೂ ಇರಬಾರದು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರಲ್ಲ, ನಮ್ಮ ಕಾರ್ಖಾನೆಯ ಯಜಮಾನರು ಅದಕ್ಕೆ ಮನೆ ಬಿಚ್ಚಿ ನೋಡು ಎಂದು ಸೇರಿಸಿದ್ದಾರೆ. ಮದುವೆಯ ವಿಷಯದಲ್ಲಿ ಅವರು ಏನೂ ಸೇರಿಸಿಲ್ಲ. ಅವರ ಹೆಂಡತಿಯೂ ಅದೇ ಕಾರ್ಖಾನೆಯಲ್ಲಿದ್ದಾರೆ.

ನಾನು ಅಲ್ಲಿ ಉಗ್ರಾಣದವಳು. ಬೋಲ್ಟು, ವಾಷರು, ಬಾಗಿಲ ತಿರುಗಣಿ ಕೊಡುವುದು, ಉಳಿದದ್ದನ್ನು ವಾಪಸು ಪಡೆಯುವುದು ನನ್ನ ಕೆಲಸ. ನಕ್ಷೆ ಮಾಡುವವಳು ಒಬ್ಬ ಆರ್ಕಿಟೆಕ್ಟ್ ಹುಡುಗಿ. ಬಲು ಜಾಣೆ, ಕಡ್ಡಿಯ ಹಾಗಿದ್ದಾಳೆ, ಗಾಳಿ ಬೀಸಿದರೆ ನಾವೇ ಅವಳನ್ನು ಹಿಡಿದುಕೊಳ್ಳಬೇಕು. ಮನೆಯ ಒಂದೊಂದು ತುಂಡನ್ನು ಅವಳು ಮಾಡ್ಯೂಲ್ ಎನ್ನುತ್ತಿದ್ದಳು. ನಮ್ಮ ಹಿರಿಯ ಬಡಗಿ ಮೊದಲ ದಿನವೇ, "ಅಯ್ಯೋ, ಅಂಕಣ ಅನ್ನಮ್ಮಾ" ಎಂದರು. ಪತ್ರಿಕೆಯ ಅಂಕಣವಲ್ಲ, ಹಿಂದಿನವರು ಕಂಬದಿಂದ ಕಂಬಕ್ಕೆ ಲೆಕ್ಕ ಹಿಡಿದು ಇದು ಇಷ್ಟು ಅಂಕಣದ ಮನೆ ಎನ್ನುತ್ತಿದ್ದರಲ್ಲ, ಅದು. ಆರ್ಕಿಟೆಕ್ಟಿಗೆ ಆ ಪದ ಬಹಳ ಹಿಡಿಸಿತು. ಆವತ್ತಿನಿಂದ ಕಾರ್ಖಾನೆಯಲ್ಲಿ ಎಲ್ಲರೂ ಅಂಕಣ ಎಂದೇ ಹೇಳುವುದು.

ಅವಳ ನಕ್ಷೆಯ ಹೆಮ್ಮೆ ಒಂದಿತ್ತು. ಹುಲ್ಲಿನ ಹಲಗೆ ಅಚ್ಚಿನಿಂದ ಯಾವ ಅಗಲದಲ್ಲಿ ಬರುತ್ತದೋ ಅದೇ ಅಗಲಕ್ಕೆ ಅವಳು ಅಂಕಣವನ್ನು ಕೂರಿಸಿದ್ದಳು. ಇಡೀ ಮನೆಗೆ ಒಂದು ಹಲಗೆಯನ್ನೂ ಕತ್ತರಿಸುವಂತಿರಲಿಲ್ಲ, ಹಾಗಾಗಿ ಒಂದು ಚೂರೂ ಹಾಳಾಗುತ್ತಿರಲಿಲ್ಲ. ಮೊದಲನೆಯ ಅಂಕಣದಲ್ಲಿ ಮಂಚ, ಮೇಜು, ಕಿಟಕಿ. ಎರಡನೆಯದರಲ್ಲಿ ಒಂದು ಬದಿಗೆ ಅಡುಗೆ ಕಟ್ಟೆ, ಎದುರಿಗೆ ಗೋಡೆ, ನಡುವೆ ಓಡಾಡುವ ಓಣಿ, ಕೊನೆಯಲ್ಲಿ ಬಚ್ಚಲು. ಒಂದು ಆಸ್ಪತ್ರೆಯವರು ತಮ್ಮ ದಾದಿಯರಿಗೆ ಇಂಥ ಮನೆಗಳ ಒಂದು ಸಾಲನ್ನೇ ಕೇಳಿದ್ದರು. ಎಲ್ಲದಕ್ಕೂ ಹಲಗೆ ಒತ್ತುವ ಮೊದಲು ಒಂದು ಮಾದರಿ ಮನೆ ಮಾಡಿ, ಅದರಲ್ಲಿ ಯಾರಾದರೂ ಇದ್ದು ನೋಡಬೇಕು ಎಂದರು ಯಜಮಾನರು. "ಬಿಸಿಲು, ಚಳಿ ಎರಡನ್ನೂ ಒಳಗಿಂದ ಕಂಡವರು ಹೇಳ್ಬೇಕು. ಬರೀ ಹೊಗಳೋರು ಬೇಡ. ಪ್ರಶ್ನೆ ಕೇಳೋರು ಬೇಕು."

ಪ್ರಶ್ನೆ ಕೇಳುವವರು ಎಂದಾಗ ನನ್ನ ಬಾಯಿಂದ ತಾನಾಗಿ ಅತ್ತೆಯ ಹೆಸರು ಬಂತು.

ಯಜಮಾನರು ಅವಳೊಡನೆ ನೇರವಾಗಿ ಮಾತಾಡಿದರು. ಮನೆ ಸರಿ ಇದೆ ಎಂದು ಗೊತ್ತಾದರೆ ಅದು ಕಾರ್ಖಾನೆಯ ಹಿಂದಿನ ಅಂಗಳದಲ್ಲೇ, ದೊಡ್ಡ ಮರದ ಪಕ್ಕ, ನಿಂತಿರುತ್ತದೆ. ಅತ್ತೆ ಅಲ್ಲೇ ಇರಬಹುದು, ನೋಡಲು ಬಂದವರಿಗೆ ತೋರಿಸಿಕೊಂಡು, ಇರುವಷ್ಟು ಕಾಲ. ಸರಿಯಿಲ್ಲ ಎಂದಾದರೆ ಬಿಚ್ಚುತ್ತಾರೆ, ಹಲಗೆಗಳು ಬೇರೆ ಕಡೆಗೆ ಹೋಗುತ್ತವೆ. ಕೆಲಸಕ್ಕೆ ಬಾರದ ಮನೆಯನ್ನು ಸುಮ್ಮನೆ ನಿಲ್ಲಿಸುವುದು ನಮ್ಮ ಕಾರ್ಖಾನೆಯ ನಿಯಮಕ್ಕೆ ವಿರುದ್ಧ. ಅತ್ತೆ ಕೇಳಿದ್ದು ಒಂದೇ: "ಒಳಗಿಂದ ಚಿಲಕ ಹಾಕ್ಕೋಬಹುದಾ?"

ಅವಳು ಹೋದ ಮೇಲಿನ ಸಂಭ್ರಮ ನೋಡಬೇಕಿತ್ತು. ನಾನು ದಿನಾ ಊಟದ ಹೊತ್ತಿಗೆ ಹೋಗುತ್ತಿದ್ದೆ, ಅತ್ತೆ ತಟ್ಟೆಯನ್ನು ಮಂಚಕ್ಕೇ ತಂದುಕೊಡುತ್ತಿದ್ದಳು, ಹೋದಾಗಲೆಲ್ಲ ಒಂದು ಹೊಸ ತನಿಖೆ ನಡೆದಿರುತ್ತಿತ್ತು. ಒಂದು ದಿನ ಗೋಡೆಗೆ ಕಿವಿ ಹಚ್ಚಿ ನಿಂತಿದ್ದಳು, ಹುಲ್ಲು ಒಳಗೆ ಸದ್ದು ಮಾಡುತ್ತದೆಯೇ ಎಂದು. ಇನ್ನೊಂದು ದಿನ ಬಾಗಿಲು ಕಿಟಕಿಗಳ ಮುಂದೆ ಊದಿನಕಡ್ಡಿ ಹಿಡಿದು ಗಾಳಿ ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತದೆ ಎಂದು ಹೊಗೆಯ ಹಿಂದೆಯೇ ನಡೆಯುತ್ತಿದ್ದಳು. ಪಾತ್ರೆ ತೊಳೆದ ನೀರು ಗಿಡದ ಪಾತಿಗೆ ಹೋಗುತ್ತದೆ ಎಂದು ಆರ್ಕಿಟೆಕ್ಟ್ ಹೇಳಿದ್ದನ್ನು ಬಾಯಿಮಾತಿಗೆ ನಂಬದೆ, ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ತೊಟ್ಟಿಗೆ ಸುರಿದು ಹೊರಗೆ ಓಡಿದಳು. ನೀಲಿ ನೀರು ಜಲ್ಲಿ ದಾಟಿ, ಮರಳು ದಾಟಿ, ತಿಳಿಯಾಗುತ್ತಾ ಪಾತಿಗೆ ಬಂದಾಗ ಮಗುವಿನಂತೆ ಚಪ್ಪಾಳೆ ತಟ್ಟಿದಳು.

ಹಾಸಿಗೆ ಮಾತ್ರ ಮಧ್ಯಾಹ್ನವೂ ಹಾಸಿದಂತೆಯೇ ಇರುತ್ತಿತ್ತು. "ಸುತ್ತಿಡೋಕೆ ಹೋದೆ ಕಣೇ. ಆಮೇಲೆ ಅನ್ನಿಸ್ತು, ಇದರ ಮೇಲೆ ಕೂರೋಕೆ ಯಾರು ಬರ್ತಾರೆ? ಯಾಕೆ ಸುತ್ತಬೇಕು?" ಎಂದಳು. ಆ ವಯಸ್ಸಿನಲ್ಲಿ ಅವಳ ಮುಖದ ಮೇಲೆ ಅಂಥ ಕಳೆ ನಾನು ಕಂಡಿರಲಿಲ್ಲ. ನನಗೆ ಹೊಟ್ಟೆ ತುಂಬಿದ ಹಾಗಾಯಿತು.

ಆರ್ಕಿಟೆಕ್ಟ್ ಆಗಾಗ ಬಂದು ಮಂಚದ ಅಂಚಿನಲ್ಲಿ ಕೂತು ವಿಚಾರಿಸುವಳು. "ಬಿಸಿ ಆಗುತ್ತಾ ಅಮ್ಮ?" ಇಲ್ಲ. "ಚಳಿಗೆ?" ಬೆಚ್ಚಗಿದೆ. "ಜಾಗ ಸಾಲುತ್ತಾ?"

"ಜಾಗಕ್ಕೇನಮ್ಮ, ವಿಶಾಲವಾಗಿದೆ."

ಬಿಸಿಲು ಕಳೆಯಿತು, ಚಳಿ ಬಂತು. ಅತ್ತೆ ಒಂದು ಬಾರಿಯೂ ಕೊರತೆ ಹೇಳಲಿಲ್ಲ. ಯಜಮಾನರು ಖುಷಿಯಾಗಿ ಆಸ್ಪತ್ರೆಯ ಹಲಗೆ ಒತ್ತಲು ದಿನ ಗೊತ್ತುಮಾಡಿದರು. ಅದಕ್ಕೆ ಮುಂಚಿನ ದಿನ ಬೆಳಗ್ಗೆ ಬಂದು ಅತ್ತೆಯ ಕೊನೆಯ ಮಾತು ಕೇಳಿಕೊಂಡು ಹೋಗುತ್ತೇವೆ ಎಂದರು. ಕೇಳುವುದು ಬರೀ ಶಾಸ್ತ್ರಕ್ಕೆ ಎಂದು ನಮಗೆಲ್ಲ ಗೊತ್ತಿತ್ತು.

ಅವರು ಬರುವ ಹಿಂದಿನ ದಿನ ಮಧ್ಯಾಹ್ನ ಅಮ್ಮ ಬಂದಳು. ಅಷ್ಟು ತಿಂಗಳಲ್ಲಿ ಅಮ್ಮ ಆ ಮನೆ ನೋಡಲು ಬಂದದ್ದು ಅದೇ ಮೊದಲು. ಅಪ್ಪ ಬಂದಿರಲೇ ಇಲ್ಲ. ಅಕ್ಕ ತನ್ನ ಮನೆ ಬಿಟ್ಟು ಹೋದಳೆಂದು ಅವನಿಗೆ ಒಳಗೊಳಗೇ ಮುನಿಸು. ಅಮ್ಮ ದಪ್ಪಗಿಲ್ಲ, ತೆಳ್ಳಗೂ ಇಲ್ಲ, ಸಾಧಾರಣ ಜನ ಹೇಗಿರುತ್ತಾರೋ ಹಾಗಿದ್ದಾಳೆ. ಕಾಫಿ ಮಾಡುವಾಗ ಸುಮ್ಮನೆ ಕೂರಲಾರದೆ ಅತ್ತೆಯ ಹಿಂದೆಯೇ ಅಡುಗೆ ಅಂಕಣಕ್ಕೆ ಹೋದಳು. ನಾನು ಮಂಚದ ಮೇಲೆ ಕೂತು ನೋಡುತ್ತಿದ್ದೆ. ಮೊದಲು ಒಂದು ಲೋಟ ಬಿತ್ತು. ಆಮೇಲೆ ಅಮ್ಮನ ಮೊಣಕೈ ಗೋಡೆಗೆ ಬಡಿಯಿತು. ಅಮ್ಮ ಕಟ್ಟೆಯ ಕೆಳಗಿನ ಕಪಾಟಿನ ಬಾಗಿಲು ತೆರೆದಳು, ತೆರೆದ ಬಾಗಿಲಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಳು.

"ಅಯ್ಯೋ ಅತ್ತಿಗೆ, ನೀವು ಹೊರಗೆ ಹೋದ್ರೆ ನಾನು ಒಳಗಿರ್ತೀನಿ, ಇಲ್ಲಾ ನಾನು ಹೊರಗೆ ಹೋಗ್ತೀನಿ" ಎಂದಳು ಅಮ್ಮ.

"ಯಾಕೆ? ನನಗೇನೂ ತೊಂದ್ರೆ ಆಗ್ತಿಲ್ವಲ್ಲ" ಎಂದಳು ಅತ್ತೆ. ಒಂದು ಕೈಯಲ್ಲಿ ಕಾಫಿ ಪಾತ್ರೆ ಹಿಡಿದು, ಅಮ್ಮನನ್ನೂ ತೆರೆದ ಬಾಗಿಲನ್ನೂ ದಾಟಿ, ಒಂದು ಹನಿ ಚೆಲ್ಲದೆ ಈಚೆ ಬಂದಳು.

ಅಮ್ಮ ಅವಳನ್ನೇ ನೋಡುತ್ತಾ ನಿಂತಳು. "ನಿಮಗೆ ಹೇಗೆ ತೊಂದ್ರೆ ಆಗುತ್ತೆ? ನೀವು ನಡೀತಿರೋದು ನೋಡಿ. ಏಡಿ ಥರ ಅಡ್ಡಡ್ಡ. ಇದೇನು ಮನೇನಾ, ಬಸ್ಸಾ?"

ಅತ್ತೆ ತನ್ನ ಕಾಲನ್ನೇ ಬಗ್ಗಿ ನೋಡಿಕೊಂಡಳು. ಎಡಗಾಲು ಮುಂದೆ, ಬಲಗಾಲು ಅದರ ಹಿಂದೆ ಸಾಲಾಗಿ, ಸೊಂಟ ಕಟ್ಟೆಗೆ ಒರಗಿತ್ತು. ಖಾಲಿಯಿದ್ದ ಕೈ ಮೇಲಿನ ಕಪಾಟಿನ ಅಂಚನ್ನು ಹಿಡಿದಿತ್ತು, ಬಸ್ಸಿನ ಕಂಬಿ ಹಿಡಿಯುವ ಹಾಗೆ. ಅವಳು ಯಾವಾಗ ಹಿಡಿದಳೋ ಅವಳಿಗೇ ಗೊತ್ತಿರಲಿಲ್ಲ.

ಅಮ್ಮ ಕಾಫಿ ಕುಡಿದು ಹೋದಳು. ಅತ್ತೆ ಎದ್ದು ಬಟ್ಟೆಗೆ ಹಾಕುವ ನೀಲಿಯ ಪುಡಿಯ ಡಬ್ಬಿ ತಂದಳು. ಎರಡೂ ಮೊಣಕೈಗೆ, ಸೊಂಟದ ಎರಡೂ ಬದಿಗೆ, ಹಳೆಯ ಸೀರೆಯ ಮೇಲೆಯೇ ಪುಡಿ ಬಳಿದುಕೊಂಡಳು.

"ಏನತ್ತೆ ಇದು ವೇಷ?"

"ನೋಡ್ತಿರು. ನಾನು ಎಲ್ಲಿ ತಗಲ್ತೀನೋ ಅಲ್ಲಿ ಗೋಡೆ ಹೇಳುತ್ತೆ."

ಅವಳು ಅಡುಗೆ ಮಾಡಿದಳು, ಪಾತ್ರೆ ತೊಳೆದಳು, ಬಚ್ಚಲಿಂದ ಬಕೆಟ್ಟು ತಂದಳು, ವಾಪಸು ಇಟ್ಟಳು. ಬಿಳಿ ಸುಣ್ಣದ ಗೋಡೆಯ ಮೇಲೆ ಒಂದೇ ಒಂದು ನೀಲಿ ಗುರುತಿರಲಿಲ್ಲ. ನಾನು ಸಮಾಧಾನದ ಉಸಿರು ಬಿಟ್ಟೆ. "ನೋಡಿದ್ಯಾ, ಎಲ್ಲ ಸರಿ ಇದೆ" ಎಂದೆ.

"ಈಗ ನೀನು ನಡಿ" ಎಂದಳು.

ನನ್ನ ಮೊಣಕೈ, ಸೊಂಟಕ್ಕೂ ನೀಲಿ ಬಳಿದಳು. ಬಕೆಟ್ಟು ಕೈಗೆ ಕೊಟ್ಟಳು. ನಾನು ನಡೆದೆ, ಬಗ್ಗಿದೆ, ಒಲೆಯ ಮುಂದೆ ತಿರುಗಿದೆ, ಕೆಳಗಿನ ಬಾಗಿಲು ತೆರೆದು ಪಾತ್ರೆ ತೆಗೆದೆ. ಮುಗಿಸಿ ತಿರುಗಿ ನೋಡಿದರೆ ಗೋಡೆಯ ಉದ್ದಕ್ಕೂ ನೀಲಿ. ಸೊಂಟದ ಎತ್ತರಕ್ಕೆ ಒಂದು ಉದ್ದನೆಯ ಪಟ್ಟಿ, ಮೊಣಕೈ ಬಡಿದಲ್ಲೆಲ್ಲ ಕೈಯಗಲದ ಕಲೆ, ಒಲೆಯ ಎದುರಿಗಂತೂ ಗೋಡೆಯೇ ಕಾಣುತ್ತಿರಲಿಲ್ಲ. ಕುದಿಯುವ ಪಾತ್ರೆ ಹಿಡಿದು ತಿರುಗಬೇಕಾದ ಜಾಗ ಅದು.

ಅತ್ತೆಗೆ ಮೊದಲು ನಗು ಬಂತು. "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು ನೋಡು. ಗಾಳಿ ಎಲ್ಲಿಗೆ ಹೋಯ್ತು, ನೀರೆಲ್ಲಿಗೆ ಹೋಯ್ತು ಅಂತೆಲ್ಲ ನೋಡಿದೆ, ನಾನು ಹೇಗೆ ನಡೀತೀನಿ ಅಂತ ನೋಡ್ಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಂದು ತಿರುಗಾಮುರುಗಾ. ನೆಲ ಡೊಂಕಿದ್ರೂ ಕುಣಿದುಬಿಟ್ಟಿದ್ದೀನಿ."

ಆಮೇಲೆ ಇಬ್ಬರಿಗೂ ನಗು ನಿಂತಿತು. ಇದು ಕಪಾಟು ಸರಿಸಿದರೆ ಸರಿಹೋಗುವ ತಪ್ಪಲ್ಲ ಎಂದು ಉಗ್ರಾಣದವಳಾದ ನನಗೆ ಗೊತ್ತಿತ್ತು. ಅಂಕಣದ ಅಗಲವೇ ಹಲಗೆಯ ಅಗಲ. ಓಣಿ ಅಗಲವಾಗಬೇಕಾದರೆ ಗೋಡೆ ಸರಿಯಬೇಕು, ಗೋಡೆ ಸರಿದರೆ ಸೂರು, ನೆಲ ಎಲ್ಲ ಬದಲಾಗಬೇಕು. ಈ ಮನೆ ಬಿಚ್ಚಬೇಕು. ಬಿಚ್ಚಿದ ಮೇಲೆ ಅತ್ತೆಗೆ ಮತ್ತೆ ನಮ್ಮ ನಡುಮನೆ.

ನಾನು ಒದ್ದೆ ಬಟ್ಟೆ ತಂದೆ. ಸುಳ್ಳೇಕೆ ಹೇಳಲಿ, ಗೋಡೆ ಒರೆಸಲೂ ಶುರುಮಾಡಿದ್ದೆ.

"ಯಾಕೆ ಒರೆಸ್ತೀಯ?" ಎಂದಳು ಅತ್ತೆ.

"ನಾಳೆ ಬೆಳಗ್ಗೆ ಅವರು ಬರ್ತಾರೆ, ಅದಕ್ಕೆ. ನೀನು ಚೆನ್ನಾಗಿದೆ ಅನ್ನು, ಸಾಕು. ಇಷ್ಟು ವರ್ಷಕ್ಕೆ ನಿಂಗೆ ಅಂತ ಒಂದು ಬಾಗಿಲು ಸಿಕ್ಕಿದೆ. ಅದನ್ನ ನೀನೇ ಕಿತ್ತು ಹಾಕ್ತೀಯಾ?"

"ಮತ್ತೆ ಆ ದಾದಿಯರು?"

"ಅವರೇನು ಮಕ್ಕಳಾ? ನಾಲ್ಕು ದಿನ ಮೊಣಕೈ ಬಡ್ಕೋತಾರೆ, ಆಮೇಲೆ ಹೊಂದ್ಕೋತಾರೆ. ನೀನು ಹೊಂದ್ಕೊಂಡಿಲ್ವಾ?"

ಆ ಮಾತು ನನ್ನ ಬಾಯಿಂದಲೇ ಬಂತಲ್ಲ ಎಂದು ನನಗೆ ಆಗಲೇ ಕಸಿವಿಸಿಯಾಯಿತು. ಅತ್ತೆ ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು, ಹಿಂಡಿ, ಮಡಚಿ ಕಟ್ಟೆಯ ಮೇಲಿಟ್ಟಳು.

"ನಾನು ದಿನಾ ಎಷ್ಟು ಜನಕ್ಕೆ ಅಡ್ಜಸ್ಟ್ ಮಾಡ್ಕೊಳ್ಳಿ ಅಂದಿದ್ದೀನೋ. ಯಾರೂ ಬೇಜಾರು ಮಾಡ್ಕೋತಿರ್ಲಿಲ್ಲ. ಯಾಕೆ ಹೇಳು? ಅವರವರ ಸ್ಟಾಪ್ ಬಂದಾಗ ಇಳ್ಕೊಂಡು ಹೋಗ್ತಿದ್ರು. ಮನೆಯಿಂದ ಎಲ್ಲಿ ಇಳೀತಾರೆ ಕಣೇ? ಇಡೀ ದಿನ ಆಸ್ಪತ್ರೇಲಿ ನಿಂತು ಬಂದೋರು, ಮನೆಗೆ ಬಂದು ಮತ್ತೆ ಬಸ್ಸು ಹತ್ತಬೇಕಾ?"

ಅತ್ತೆ ಬಾಗಿಲ ಬಳಿ ಹೋಗಿ ಚಿಲಕವನ್ನು ಒಮ್ಮೆ ಹಾಕಿದಳು, ತೆಗೆದಳು. ಕಣ್ಣು ಒರೆಸಿಕೊಂಡಾಗ ಬೆರಳಿನ ನೀಲಿ ಕೆನ್ನೆಗೆ ಹತ್ತಿತು. ಅವಳಿಗೆ ಆ ಮನೆ ಎಷ್ಟು ಬೇಕಾಗಿತ್ತು ಎಂದು ನನಗೆ ಪೂರ್ತಿ ಗೊತ್ತಾದದ್ದು ಆಗಲೇ.

ಮಾರನೆಯ ಬೆಳಗ್ಗೆ ಯಜಮಾನರು, ಆರ್ಕಿಟೆಕ್ಟ್, ಬಡಗಿ ಮೂವರೂ ಬಂದರು. ಯಜಮಾನರು ಒಳಗೆ ಕಾಲಿಡುತ್ತಲೇ, "ಏನಮ್ಮ, ಎಲ್ಲ ಚೆನ್ನಾಗಿದೆ ತಾನೆ? ಶುರು ಮಾಡೋಣ್ವಾ?" ಎಂದರು.

"ಚೆನ್ನಾಗಿಲ್ಲ" ಎಂದಳು ಅತ್ತೆ.

ಬಸ್ಸಿನ ಕೊನೆಯ ಸೀಟಿಗೂ ಕೇಳುವ ದನಿ ಅವಳದು, ಆದರೆ ಈ ಮಾತು ಬಹಳ ಮೆಲ್ಲಗೆ ಬಂತು. ಅವಳು ಹುಟ್ಟಿದಾಗಿನಿಂದ ಯಾವ ಮನೆಯ ಬಗ್ಗೆಯೂ ಆಡಿರದ ಮಾತು, ಗಂಟಲಿಗೆ ಅಭ್ಯಾಸವಿರಲಿಲ್ಲ. ಆಮೇಲೆ ಅವರನ್ನು ಅಡುಗೆ ಅಂಕಣಕ್ಕೆ ಕರೆದೊಯ್ದು ಗೋಡೆ ತೋರಿಸಿದಳು. ಯಾವ ಕಲೆ ನನ್ನ ಮೊಣಕೈಯದು, ಯಾವುದು ಸೊಂಟದ್ದು ಎಂದೆಲ್ಲ ಬಿಡಿಸಿ ಹೇಳಿದಳು. ತನ್ನ ಗುರುತು ಯಾಕಿಲ್ಲ ಎಂದು ತೋರಿಸಲು ಓಣಿಯಲ್ಲಿ ಅಡ್ಡಡ್ಡ ನಡೆದಳು.

"ತಪ್ಪು ನಂದಮ್ಮಾ. ಚೆನ್ನಾಗಿದೆ ಚೆನ್ನಾಗಿದೆ ಅಂತ ಅಷ್ಟು ದಿನ ಅಂದೆ. ನಂಗೆ ಚೆನ್ನಾಗೇ ಇತ್ತು. ನನ್ನ ಮೈ ಹಾಗೆ ಪಳಗಿದೆ."

ಆರ್ಕಿಟೆಕ್ಟ್ ಒಲೆಯ ಎದುರಿನ ನೀಲಿಯನ್ನೇ ದಿಟ್ಟಿಸಿದಳು. ಮುಖ ಸಣ್ಣದಾಗಿತ್ತು, ಆದರೆ ವಾದ ಮಾಡಲಿಲ್ಲ. "ನಾನೂ ಇಲ್ಲಿ ಎಷ್ಟೋ ಸಲ ಓಡಾಡಿದ್ದೀನಿ ಅಮ್ಮ, ನಂಗೂ ತಗಲಿಲ್ಲ" ಎಂದಳು.

"ನಿಂಗೆಲ್ಲಿ ತಗಲುತ್ತೆ? ಮೊದಲು ಸರಿಯಾಗಿ ಊಟ ಮಾಡು" ಎಂದರು ಬಡಗಿ. ಅವಳು ನಕ್ಕಳು, ಎಲ್ಲರೂ ಸ್ವಲ್ಪ ಹಗುರಾದರು.

ಆದರೆ ನಿಯಮ ನಿಯಮವೇ. ಯಜಮಾನರು ಅತ್ತೆಯ ಕಡೆ ತಿರುಗಿ, ಹಲಗೆ ಒತ್ತುವುದನ್ನು ನಿಲ್ಲಿಸುತ್ತೇನೆ ಎಂದರು. ಹೊಸ ಮಾದರಿಯನ್ನು ಆಸ್ಪತ್ರೆಯವರು ತಮ್ಮ ಅಂಗಳದಲ್ಲೇ ನಿಲ್ಲಿಸಿ, ದಾದಿಯರನ್ನೇ ಇರಿಸಿ ನೋಡಲಿ, ಅದೇ ಸರಿ ಎಂದರು. ಅಲ್ಲಿಗೆ ದೊಡ್ಡ ಮರದ ಪಕ್ಕದ ಮನೆಯ ಮಾತು ಮುಗಿಯಿತು. ಅವರಿಗೂ ಹೇಳಲು ಕಷ್ಟವಾಗಿತ್ತು, ಕನ್ನಡಕ ತೆಗೆದು ಸುಮ್ಮಸುಮ್ಮನೆ ಒರೆಸಿಕೊಂಡರು. ಅತ್ತೆ "ಸರಿ ಸಾರ್" ಎಂದಳು.

ಬೋಲ್ಟಿನ ಮನೆ ಬಿಚ್ಚಲು ಹೆಚ್ಚು ಹೊತ್ತು ಬೇಕಿಲ್ಲ. ಸೂರು ಇಳಿಯಿತು, ಕಿಟಕಿ ಕಳಚಿತು, ಗೋಡೆಗಳು ಒಂದೊಂದಾಗಿ ಮರಕ್ಕೆ ಒರಗಿದವು, ನೀಲಿ ಕಲೆಯ ಗೋಡೆಯೂ. ಅತ್ತೆ ಹಾಸಿಗೆ ಸುತ್ತಿ ಕಲ್ಲಿನ ಮೇಲೆ ಕೂತಿದ್ದವಳು, ಸ್ವಲ್ಪ ಹೊತ್ತಿಗೆ ತಡೆಯಲಾರದೆ ಎದ್ದು ಹೋಗಿ, ಗೋಡೆಯ ಅಂಚಿನಲ್ಲಿ ಕಾಣುತ್ತಿದ್ದ ಹುಲ್ಲನ್ನು ಮುಟ್ಟಿ, "ಇಷ್ಟು ದಿನ ಆದ್ರೂ ಬಣ್ಣ ಹಾಗೇ ಇದೆಯಲ್ಲ, ಯಾಕೆ?" ಎಂದು ಬಡಗಿಯನ್ನು ಕೇಳಿದಳು. ಗಾಳಿ ಬೆಳಕು ತಾಗದಿದ್ದರೆ ಹಾಗೇ ಇರುತ್ತದೆ ಎಂದರು ಬಡಗಿ. ನನಗೆ ಅಳು ಬರುತ್ತಿತ್ತು, ಇವಳಿಗೆ ಹುಲ್ಲಿನ ಬಣ್ಣದ ಚಿಂತೆ.

ಅಪ್ಪ ಸ್ಕೂಟರಿನಲ್ಲಿ ಬಂದ, ಅತ್ತೆಯನ್ನು ಕರೆದೊಯ್ಯಲು. ಹಾಸಿಗೆಯ ಸುರುಳಿಯನ್ನು ಕಂಕುಳಿಗೆ ಸೇರಿಸಿಕೊಂಡು, ಇಷ್ಟು ದಿನ ಅದುಮಿಟ್ಟಿದ್ದನ್ನು ಕೇಳಿಯೇಬಿಟ್ಟ.

"ನಮ್ಮನೇಲಿ ನಿಂಗೇನಕ್ಕ ಕಮ್ಮಿಯಾಗಿತ್ತು?"

"ಏನೂ ಕಮ್ಮಿ ಇರ್ಲಿಲ್ಲ ಕಣೋ" ಎಂದಳು ಅತ್ತೆ. ಜಗಳದ ದನಿಯಲ್ಲ, ಯೋಚಿಸಿ ಉತ್ತರ ಹುಡುಕಿದವಳ ದನಿ. "ನಾನೇ ಒಬ್ಬಳು ಹೆಚ್ಚಾಗಿದ್ದೆ ಅನ್ನಿಸ್ತಿತ್ತು."

ಅಪ್ಪ ಹಾಸಿಗೆ ಹಿಡಿದುಕೊಂಡೇ ನಿಂತ.

ಅಷ್ಟರಲ್ಲಿ ಆರ್ಕಿಟೆಕ್ಟ್ ಖಾಲಿಯಾದ ಜಾಗದಲ್ಲಿ ಎರಡು ಉದ್ದನೆಯ ಹಲಗೆಗಳನ್ನು ನೆಲದ ಮೇಲೆ ಎದುರುಬದುರಾಗಿ, ಅಂಚಿನ ಮೇಲೆ ನಿಲ್ಲಿಸಿದ್ದಳು. ಒಂದು ಕಟ್ಟೆ, ಇನ್ನೊಂದು ಗೋಡೆ. ಎರಡು ಬಕೆಟ್ಟಿನಲ್ಲಿ ನೀರು ತುಂಬಿ ಅತ್ತೆಗೆ ಕೊಟ್ಟಳು. "ಹೋಗೋ ಮೊದಲು ಒಂದು ಕೆಲಸ ಅಮ್ಮ. ಎಷ್ಟು ಅಗಲ ಬೇಕು ಅಂತ ನಡೆದು ಹೇಳಿ. ಹಲಗೆ ಕತ್ತರಿಸಬೇಕಾದ್ರೆ ಕತ್ತರಿಸೋಣ, ಉಳಿದ ತುಂಡಿಗೆ ಬೇರೆ ಕೆಲಸ ಹುಡುಕ್ತೀನಿ. ನೇರ ನಡೀರಿ, ಅಡ್ಡ ಅಲ್ಲ."

ಅತ್ತೆ ಹಲಗೆಗಳ ನಡುವೆ ಕಾಲಿಟ್ಟಳು, ಎರಡನೆಯ ಹೆಜ್ಜೆಗೇ ಅಡ್ಡ ತಿರುಗಿದಳು. ಬಡಗಿ ಗೊಳ್ಳೆಂದು ನಕ್ಕರು. ಮತ್ತೆ ಮೊದಲಿನಿಂದ ನಡೆದಳು, ಈ ಸಲ ನೇರ. ಬಕೆಟ್ಟು ಹಲಗೆಗೆ ತಗಲಿ ನೀರು ಚೆಲ್ಲಿತು. ಬಡಗಿ ಒಂದು ಹಲಗೆಯನ್ನು ಗೇಣಗಲ ದೂರ ಸರಿಸಿದರು.

"ಸಾಕಾ?" ಎಂದಳು ಆರ್ಕಿಟೆಕ್ಟ್.

"ಸಾಕು, ಸಾಕು" ಎಂದಳು ಅತ್ತೆ, ನಡೆದು ಮುಗಿಸುವ ಮೊದಲೇ.

"ಇದು ಕಂಡಕ್ಟರ್ ಹೇಳಿದ್ದು. ನೀವು ಹೇಳಿ."

ಅತ್ತೆ ತಿರುಗಿ ಬಂದಳು. ಇಡೀ ಬಸ್ಸಿನ ಜನರಿಗೆ ಎಷ್ಟು ಜಾಗ ಬೇಕೆಂದು ಒಂದು ನೋಟಕ್ಕೆ ಹೇಳುತ್ತಿದ್ದವಳಿಗೆ, ತನಗೆ ಎಷ್ಟು ಬೇಕೆಂದು ತಿಳಿದಿರಲಿಲ್ಲ. ನಡುವೆ ನಿಂತು ಬಕೆಟ್ಟುಗಳನ್ನು ಕೆಳಗಿಟ್ಟಳು. ಎರಡೂ ಮೊಣಕೈ ಅಗಲಿಸಿದಳು. ಒಂದು ಸುತ್ತು ತಿರುಗಿದಳು, ಸೀರೆಯ ಸೆರಗು ಹಲಗೆಯ ಮೇಲೆ ಹಾದುಹೋಯಿತು. ಆ ಸೆರಗನ್ನೇ ಕುತೂಹಲದಿಂದ ನೋಡಿದಳು.

"ಇನ್ನೂ ಸ್ವಲ್ಪ ಬೇಕು" ಎಂದಳು.

ಬಡಗಿ ಹಲಗೆಯ ಕಡೆ ಹೆಜ್ಜೆ ಹಾಕಿದರು. ಅವರಿಗಿಂತ ಮುಂಚೆ ಅಪ್ಪ ಹಾಸಿಗೆಯನ್ನು ನೆಲದ ಮೇಲಿಟ್ಟು ಹೋಗಿ, ಮೊಣಕಾಲೂರಿ, ಎರಡೂ ಕೈಯಿಂದ ಹಲಗೆಯನ್ನು ಆಚೆಗೆ ತಳ್ಳಿದ.

"ಎಲ್ಲೀವರೆಗೆ ಅಂತ ನೀನೇ ಹೇಳಕ್ಕ" ಎಂದ.